ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕ್ ದಾವೆ ಹೂಡಿದೆ: ಕೋರ್ಟಿನಲ್ಲಿ ಎದುರಿಸುವುದೋ, ರಾಜಿಯಾಗುವುದೋ?

ತುಂಗಾತೀರ:

ಕೋರ್ಟು ವ್ಯವಹಾರ ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮ ಭಾವನ ಹೆಸರಿಗೆ ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನಿಂದ ಸಮನ್ಸ್ ಬಂದಿದೆ. ಕ್ರೆಡಿಟ್ ಕಾರ್ಡ್ ಬಾಕಿ ವಸೂಲಿಗೆ ಬ್ಯಾಂಕ್ ದಾವೆ ಹಾಕಿದೆ.

ಕೇಳಿರುವ ಮೊತ್ತ 2,46,300 ರೂಪಾಯಿ. ದಾವೆ ಹೂಡಿದ ದಿನದಿಂದ ವರ್ಷಕ್ಕೆ 18% ಬಡ್ಡಿ ಬೇರೆ. ಕೊನೆಯ ಸಲ ಹಣ ಕಟ್ಟಿದ್ದು 2022ರ ಜೂನ್ 14ಕ್ಕೆ, ಅಂದಿನ ಬಾಕಿ 96,000. ಅದರಲ್ಲಿ 38,400 ಭಾವ ಮಾಡಿದ ಖರ್ಚೇ ಅಲ್ಲ. 2021ರ ಅಕ್ಟೋಬರ್‌ನಲ್ಲಿ ವಿದೇಶಿ ವೆಬ್‌ಸೈಟ್ ಒಂದರಲ್ಲಿ ಯಾರೋ ಎರಡು ಸಲ ಉಜ್ಜಿದ್ದಾರೆ. ಮರುದಿನವೇ ಬ್ಯಾಂಕಿಗೆ ಇಮೇಲ್ ಹೋಗಿದೆ. ಎರಡು ತಿಂಗಳಾದ ಮೇಲೆ 'ವಹಿವಾಟು ಸರಿಯಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು, ಅಷ್ಟೇ. 2024ರ ಜನವರಿ 9ರಂದು ವಸೂಲಿಯವರ ಕಾಟ ತಾಳಲಾರದೆ 'ಆರು ತಿಂಗಳು ಸಮಯ ಕೊಡಿ, ಬಾಕಿ ತೀರಿಸುತ್ತೇನೆ' ಎಂದು ಇಮೇಲ್ ಬರೆದಿದ್ದಾರೆ. ದಾವೆ ಹೂಡಿದ್ದು 2025ರ ನವೆಂಬರ್ 3ಕ್ಕೆ.

ಈಗ ಬ್ಯಾಂಕಿನ ಕಡೆಯವರು ಫೋನಿನಲ್ಲಿ 'ತಿಂಗಳ ಕೊನೆಯೊಳಗೆ 1,10,000 ಕಟ್ಟಿ, ಮುಗಿಸೋಣ' ಎನ್ನುತ್ತಿದ್ದಾರೆ. ಮೂರು ವರ್ಷ ದಾಟಿದೆ, ದಾವೆ ಬಿದ್ದೇ ಬೀಳುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಿಂಗಳಿಗೆ 3.5% ಬಡ್ಡಿ ಅನ್ಯಾಯ ಎಂದು ವಾದಿಸಿದರೆ ನಿಲ್ಲುತ್ತದೆಯೇ? ಸೋತರೆ ಏನೇನು ಹೋಗುತ್ತದೆ? ಭಾವನ ಸಂಬಳ 46,000, ಖಾಸಗಿ ಕಂಪನಿ.

ವಕಾಲತ್ತು_ಶಿವಮೊಗ್ಗ:

ತುಂಗಾತೀರ ಅವರೇ, ಗೆಲುವು ಸೋಲಿನ ಮಾತು ಆಮೇಲೆ. ಮೊದಲು ಸಮನ್ಸ್ ಹಾಳೆಯನ್ನು ಕೈಗೆತ್ತಿಕೊಂಡು ಅದು ಯಾವ ಬಗೆಯದು ನೋಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37 ಎಂದಿದ್ದರೆ ಅದು ಸಮರಿ ದಾವೆ, ಅಂದರೆ ಪೂರ್ತಿ ವಿಚಾರಣೆಯಿಲ್ಲದೆ ಬೇಗ ಮುಗಿಸುವ ದಾವೆ. ಸಮನ್ಸ್ ತಲುಪಿದ 10 ದಿನದೊಳಗೆ ಹಾಜರಾತಿ ದಾಖಲಿಸಬೇಕು. ಆಮೇಲೆ ವಾದಿಯ ಕಡೆಯಿಂದ ಇನ್ನೊಂದು ಸಮನ್ಸ್ ಬರುತ್ತದೆ, ಅದು ತಲುಪಿದ 10 ದಿನದೊಳಗೆ 'ಪ್ರತಿವಾದ ಮಾಡಲು ಅನುಮತಿ ಕೊಡಿ' ಎಂದು ಅಫಿಡವಿಟ್ ಸಮೇತ ಅರ್ಜಿ ಹಾಕಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಬ್ಯಾಂಕ್ ಹೇಳಿದ್ದೆಲ್ಲ ಒಪ್ಪಿದಂತೆ, ನೇರ ಡಿಕ್ರಿ (ಹಣ ಕಟ್ಟಬೇಕೆಂಬ ಕೋರ್ಟಿನ ಆದೇಶ). ಎಷ್ಟು ಒಳ್ಳೆಯ ವಾದ ಕೈಯಲ್ಲಿದ್ದರೂ ಅದನ್ನು ಹೇಳುವ ಅವಕಾಶವೇ ಸಿಗುವುದಿಲ್ಲ.

ಸಾಮಾನ್ಯ ದಾವೆಯಾದರೆ ಲಿಖಿತ ಹೇಳಿಕೆಗೆ (ದಾವೆಗೆ ಪ್ರತಿವಾದಿ ಬರೆದು ಕೊಡುವ ಉತ್ತರ) 30 ದಿನ, ಕಾರಣ ತೋರಿಸಿದರೆ 90ರವರೆಗೆ. ಅದನ್ನೂ ಮೀರಿದರೆ ನ್ಯಾಯಾಧೀಶರ ವಿವೇಚನೆ, ಬಹುತೇಕ ದಂಡವೆಚ್ಚ ಕಟ್ಟಿಸಿಕೊಂಡೇ ಒಪ್ಪುತ್ತಾರೆ. ಅಂಚೆಯವನಿಗೆ 'ಮನೆಯಲ್ಲಿಲ್ಲ ಅನ್ನಿ' ಎಂದು ಹೇಳಿ ಕಳಿಸುವುದು ಬೇಡವೇ ಬೇಡ. ಪಡೆಯಲು ನಿರಾಕರಿಸಿದರು ಎಂಬ ಷರಾ ಬಿದ್ದರೆ ಸಮನ್ಸ್ ತಲುಪಿದೆ ಎಂದೇ ಕೋರ್ಟು ಘೋಷಿಸಬಹುದು. ಏಕಪಕ್ಷೀಯ ಡಿಕ್ರಿಯಾದ ಮೇಲೆ ಅದನ್ನು ರದ್ದು ಮಾಡಿಸಲು ಆದೇಶ 9 ನಿಯಮ 13ರ ಅರ್ಜಿ ಇದೆ, ಅವಧಿ 30 ದಿನ. ಆದರೆ ತಪ್ಪು ನಿಮ್ಮದಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ.

ಇನ್ನು ಮೂರು ವರ್ಷದ ಮಾತು. ಹಣ ವಸೂಲಿಯ ದಾವೆಗೆ ಲಿಮಿಟೇಶನ್, ಅಂದರೆ ದಾವೆ ಹೂಡಲು ಇರುವ ಕಾಲಮಿತಿ, ಮೂರು ವರ್ಷ ಎಂಬುದು ನಿಜ. 2022ರ ಜೂನ್ 14ರಿಂದ ಎಣಿಸಿದರೆ 2025ರ ಜೂನ್‌ಗೇ ಮುಗಿಯಿತು, ನವೆಂಬರ್‌ನಲ್ಲಿ ಹಾಕಿದ್ದು ತಡ. ನೀವು ಎತ್ತದಿದ್ದರೂ ಲಿಮಿಟೇಶನ್ ಕಾಯ್ದೆಯ 3ನೇ ಕಲಂ ಪ್ರಕಾರ ಅವಧಿ ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು. ಇಲ್ಲಿ ಅಡ್ಡ ಬರುವುದು 2024ರ ಜನವರಿ 9ರ ಇಮೇಲ್. 18ನೇ ಕಲಂ ಪ್ರಕಾರ, ಅವಧಿ ಮುಗಿಯುವ ಮೊದಲೇ ಸಾಲಗಾರ ಸಹಿ ಮಾಡಿದ ಬರಹದಲ್ಲಿ ಬಾಕಿ ಒಪ್ಪಿಕೊಂಡರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ಮೊತ್ತ ಬರೆದಿರಬೇಕೆಂದೇನಿಲ್ಲ. ಇಮೇಲ್ ಸಹಿ ಮಾಡಿದ ಬರಹವಲ್ಲ ಎಂದು ವಾದಿಸಬಹುದು, ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಮೇಲೆ ಆ ವಾದದ ಕಾಲು ಗಟ್ಟಿ ಇಲ್ಲ. ಕೋರ್ಟು ಇಮೇಲನ್ನು ಒಪ್ಪಿದರೆ ಬ್ಯಾಂಕಿಗೆ 2027ರ ಜನವರಿಯವರೆಗೆ ಸಮಯವಿತ್ತು. ಹಾಗಾಗಿ ಲಿಮಿಟೇಶನ್ ವಾದ ಲಿಖಿತ ಹೇಳಿಕೆಯಲ್ಲಿ ಇರಲಿ, ಇಡೀ ಮನೆಯನ್ನು ಆ ಒಂದು ಕಂಬದ ಮೇಲೆ ನಿಲ್ಲಿಸಬೇಡಿ. ಮತ್ತೆ, ಆ ಇಮೇಲ್ ತನ್ನದಲ್ಲ ಎಂದು ಪ್ರಮಾಣ ಮಾಡಿ ಹೇಳಿಸಬೇಡಿ. ಅದು ಸುಳ್ಳು ಸಾಕ್ಷ್ಯವಾಗುತ್ತದೆ, ಅಲ್ಲಿಗೆ ಉಳಿದ ನಿಜವಾದ ವಾದಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಆ ಇಮೇಲಿಗೂ ಒಂದು ಮಿತಿ ಇದೆ. ಅದು ಲಿಮಿಟೇಶನ್ನಿಗೆ ಜೀವ ಕೊಡುತ್ತದೆಯೇ ಹೊರತು ಬಾಕಿ 2,46,300 ಎಂದು ಸಾಬೀತು ಮಾಡುವುದಿಲ್ಲ. ನಿಮ್ಮ ನಿಜವಾದ ಜಗಳ ಇರುವುದು ಮೊತ್ತದಲ್ಲಿ.

ಈ ಎಳೆ ಓದುತ್ತಿರುವ ಬೇರೆಯವರಿಗೆ ಎರಡು ಮಾತು. 2020, 2021ರ ಬಾಕಿ ಇದ್ದವರು ಮೂರು ವರ್ಷವನ್ನು ಸುಮ್ಮನೆ ಎಣಿಸಬೇಡಿ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಲೆಕ್ಕದಿಂದ ಹೊರಗಿಟ್ಟಿದೆ. ಇನ್ನೊಂದು, ವಸೂಲಿಯವರು 'ಬರೀ 500 ರೂಪಾಯಿ ಹಾಕಿ, ಫೈಲ್ ತಡೆಹಿಡಿಯುತ್ತೇವೆ' ಎಂದರೆ ಅದರ ಅರ್ಥ ತಿಳಿದಿರಲಿ. ಅವಧಿಯೊಳಗೆ ಭಾಗಶಃ ಪಾವತಿ ಮಾಡಿ ಅದಕ್ಕೆ ನಿಮ್ಮ ಸಹಿಯ ಬರಹವಿದ್ದರೆ 19ನೇ ಕಲಂ ಪ್ರಕಾರ ಮೂರು ವರ್ಷದ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಅವಧಿ ಮುಗಿದ ಮೇಲೂ 'ಕೊಡುತ್ತೇನೆ' ಎಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25(3)ರ ಪ್ರಕಾರ ಅದೇ ಹೊಸ ಕರಾರು.

ಹೆಬ್ಬಾಳ_ಓದುಗ:

ಒಂದು ಸಣ್ಣ ಮಾತು. ಸಮನ್ಸ್ ಅಸಲಿಯೇ ಎಂದು ಇವತ್ತೇ ನೋಡಿ. ವಾಟ್ಸಾಪ್‌ನಲ್ಲಿ 'ಕೋರ್ಟ್ ನೋಟಿಸ್' ಎಂದು ಕಳಿಸುವ ಎಷ್ಟೋ ಪಿಡಿಎಫ್‌ಗಳು ವಸೂಲಿ ಏಜೆನ್ಸಿಯವರು ಬರೆದ ಕಾಗದ ಮಾತ್ರ. ದಾಖಲಾದ ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 'ಕೆಎ' ಎಂದು ಶುರುವಾಗುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ವಾದಿ, ಪ್ರತಿವಾದಿ, ಮುಂದಿನ ವಾಯಿದೆ ಎಲ್ಲ ಬರುತ್ತದೆ. ಸಂಖ್ಯೆ ಇಲ್ಲದಿದ್ದರೆ ಪ್ರತಿವಾದಿಯ ಹೆಸರು ಮತ್ತು ವರ್ಷ ಹಾಕಿಯೂ ಹುಡುಕಬಹುದು. ಲೋಕ ಅದಾಲತ್ತಿನ ದಾವೆ-ಪೂರ್ವ ನೋಟಿಸ್ ಆದರೆ ಅದು ರಾಜಿಗೆ ಕರೆ ಮಾತ್ರ, ಹೋಗದಿದ್ದರೆ ಶಿಕ್ಷೆಯಿಲ್ಲ.

ಲೆಕ್ಕದಪುಸ್ತಕ:

ಬಡ್ಡಿಯ ಪ್ರಶ್ನೆಗೆ ನೇರ ಉತ್ತರ: 'ವರ್ಷಕ್ಕೆ 42% ಅತಿಯಾಯಿತು' ಎಂಬ ವಾದ ಇವತ್ತು ನಿಲ್ಲುವುದಿಲ್ಲ. ವರ್ಷಕ್ಕೆ 30% ಮೀರಿದ ಕಾರ್ಡ್ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರ ಜುಲೈನಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ತಳ್ಳಿಹಾಕಿತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಂ ಕೂಡ, ಬಡ್ಡಿ ದರ ಹೆಚ್ಚೆಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಲೆಕ್ಕವನ್ನು ಕೋರ್ಟು ಮತ್ತೆ ತೆರೆಯುವಂತಿಲ್ಲ ಎನ್ನುತ್ತದೆ. ಅಂತರ್ಜಾಲದಲ್ಲಿ ಇನ್ನೂ ಆ 30%ರ ಮಾತು ಓಡಾಡುತ್ತಿದೆ, ಅದನ್ನು ನಂಬಿ ಲಿಖಿತ ಹೇಳಿಕೆ ಬರೆಸಬೇಡಿ.

ದರದ ಮೇಲೆ ಜಗಳ ಬೇಡ, ಲೆಕ್ಕ ಹಾಕಿದ ರೀತಿಯ ಮೇಲೆ ಜಗಳ ಆಡಿ. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದ ಪ್ರಕಾರ, ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಇದು 2022ರ ಅಕ್ಟೋಬರ್ 1ರಿಂದ ಜಾರಿ. ತಡ ಪಾವತಿ ಶುಲ್ಕವೂ ಅಷ್ಟೇ: ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲೆ ಮಾತ್ರ, ಅದೂ ಕಟ್ಟದೆ ಉಳಿದ ಮೊತ್ತದ ಮೇಲೆ ಮಾತ್ರ. ಈ ಪ್ರಕರಣದ ಬಾಕಿ ಬೆಳೆದದ್ದೆಲ್ಲ 2022ರ ಜೂನ್ ಆದಮೇಲೆ. ಅಂದರೆ ಬಹುಪಾಲು ತಿಂಗಳು ಈ ನಿಯಮದ ಕೆಳಗೇ ಬರುತ್ತವೆ.

ಹೀಗೆ ಮಾಡಿ. 2021ರ ಸೆಪ್ಟೆಂಬರ್‌ನಿಂದ ದಾವೆಯ ದಿನದವರೆಗಿನ ಎಲ್ಲ ಸ್ಟೇಟ್‌ಮೆಂಟ್ ತೆಗೆದುಕೊಂಡು ಎಕ್ಸೆಲ್‌ನಲ್ಲಿ ಏಳು ಕಾಲಂ ಹಾಕಿ: ತಿಂಗಳು, ಹಿಂದಿನ ಬಾಕಿ, ಹೊಸ ಖರ್ಚು, ಪಾವತಿ, ಬಡ್ಡಿ, ಶುಲ್ಕ, ಜಿಎಸ್‌ಟಿ. 1,00,000 ಬಾಕಿಗೆ 3.5%ರಂತೆ ಒಂದು ತಿಂಗಳ ಬಡ್ಡಿ 3,500, ಅದರ ಮೇಲೆ 18% ಜಿಎಸ್‌ಟಿ 630. ಮುಂದಿನ ತಿಂಗಳ ಬಡ್ಡಿ 3,500ಕ್ಕಿಂತ ಎಷ್ಟು ಏರಿದೆ ನೋಡಿ. ಬಡ್ಡಿಯ ಮೇಲಿನ ಬಡ್ಡಿ ಸೇರಿದರೆ 3,622 ಆಗುತ್ತದೆ. ಜಿಎಸ್‌ಟಿ, ತಡ ಶುಲ್ಕವನ್ನೂ ಅಸಲಿಗೆ ಸೇರಿಸಿದ್ದರೆ ಇನ್ನೂ ಮೇಲೆ ಹೋಗಿರುತ್ತದೆ. ಎಲ್ಲಿ ಹೋಗಿದೆಯೋ ಆ ತಿಂಗಳನ್ನು ಕೆಂಪು ಮಾಡಿ. ವರ್ಷಕ್ಕೆ ಸರಳ ಬಡ್ಡಿಯಾದರೆ 42,000, ತಿಂಗಳು ತಿಂಗಳು ಚಕ್ರಬಡ್ಡಿಯಾದರೆ ಸುಮಾರು 51,100. ಈ ಹಾಳೆ ಇಲ್ಲದೆ 'ಲೆಕ್ಕ ತಪ್ಪಾಗಿದೆ' ಎಂದು ಬರೆದರೆ ಕೋರ್ಟಿನಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ.

38,400ರ ವಿಷಯದಲ್ಲಿ ನಿಮ್ಮ ಕೈ ಬಲವಾಗಿಯೇ ಇದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. 10 ಕೆಲಸದ ದಿನದಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಿಂದಿರುಗಿಸಬೇಕು, 90 ದಿನದಲ್ಲಿ ದೂರು ಇತ್ಯರ್ಥವಾಗಬೇಕು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ವಿದೇಶಿ ವೆಬ್‌ಸೈಟಿನಲ್ಲಿ ಒಟಿಪಿ ಇಲ್ಲದೆಯೂ ವಹಿವಾಟು ನಡೆಯುತ್ತದೆ ಎಂಬುದನ್ನು ಮರೆಯಬೇಡಿ, ಆ ಎರಡು ವಹಿವಾಟಿನ ದೃಢೀಕರಣದ ದಾಖಲೆ ಎಲ್ಲಿದೆ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಅಂದಿನ ಇಮೇಲನ್ನು ಕಳಿಸಿದ ದಿನಾಂಕ, ಸಮಯ ಕಾಣುವ ಹಾಗೆ ಪೂರ್ಣ ಹೆಡರ್ ಸಮೇತ ಪ್ರಿಂಟ್ ತೆಗೆದಿಡಿ. ಸ್ಕ್ರೀನ್‌ಶಾಟ್ ಸಾಲದು.

ಬ್ಯಾಂಕಿಂಗ್ ಓಂಬುಡ್ಸ್‌ಮನ್ ದಾರಿ ಈಗ ಮುಚ್ಚಿದೆ. ಅದೇ ವಿಷಯ ಕೋರ್ಟಿನಲ್ಲಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡುವ ಎರಡು ವರ್ಷದ ಅವಧಿಯೂ ಕಳೆದಿದೆ. 2021ರ ಕೊನೆಯಲ್ಲೇ ಒಂದು ರೂಪಾಯಿ ಖರ್ಚಿಲ್ಲದೆ ಓಂಬುಡ್ಸ್‌ಮನ್‌ಗೆ ಬರೆದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂದು ಬೇಸರವಾಗುತ್ತದೆ. ಆದರೆ ದೂರು ಕೊಡುವ ಅವಧಿ ಮುಗಿದರೂ, ಬ್ಯಾಂಕೇ ಹಾಕಿದ ದಾವೆಯಲ್ಲಿ ಪ್ರತಿವಾದವಾಗಿ ಇದನ್ನು ಎತ್ತಲು ಅಡ್ಡಿಯಿಲ್ಲ.

ವಕಾಲತ್ತು_ಶಿವಮೊಗ್ಗ:

ಲೆಕ್ಕದಪುಸ್ತಕ ಅವರ ಹಾಳೆಯನ್ನು ಕೋರ್ಟಿನ ಭಾಷೆಗೆ ಇಳಿಸುವ ಬಗೆ ಹೇಳುತ್ತೇನೆ. ಬಹಳ ಲಿಖಿತ ಹೇಳಿಕೆಗಳು ಕೆಡುವುದು ಇಲ್ಲೇ. 'ದಾವಾ ಪತ್ರದ 4ರಿಂದ 11ನೇ ಕಂಡಿಕೆಗಳು ಸುಳ್ಳು, ವಾದಿಯೇ ರುಜುವಾತು ಮಾಡತಕ್ಕದ್ದು' ಎಂದು ಹಳೇ ಅಚ್ಚಿನಲ್ಲಿ ಬರೆದುಬಿಡುತ್ತಾರೆ. ಆದೇಶ 8ರ ನಿಯಮ 3, 4, 5 ಓದಿ. ನಿರಾಕರಣೆ ಬಿಡಿಬಿಡಿಯಾಗಿ, ನಿರ್ದಿಷ್ಟವಾಗಿ ಇರಬೇಕು. ನುಣುಚಿಕೊಳ್ಳುವ ನಿರಾಕರಣೆಯನ್ನು ಒಪ್ಪಿಗೆ ಎಂದೇ ತೆಗೆದುಕೊಳ್ಳಬಹುದು. ಆದ್ದರಿಂದ ಹೀಗೆ ಬರೆಸಿ: ಕಾರ್ಡ್ ಪಡೆದದ್ದು ನಿಜ, ಇಂತಿಂಥ ಖರ್ಚು ನಿಜ, 2021ರ ಅಕ್ಟೋಬರ್‌ನ ಈ ಎರಡು ವಹಿವಾಟು, ಒಟ್ಟು 38,400, ಪ್ರತಿವಾದಿಯದಲ್ಲ, ಅದರ ಮೇಲೆ ಬಿದ್ದ ಬಡ್ಡಿ, ಶುಲ್ಕ, ತೆರಿಗೆ ಇಷ್ಟು, ಅದನ್ನೂ ಕೊಡಬೇಕಿಲ್ಲ, ಇಂತಿಂಥ ತಿಂಗಳಲ್ಲಿ ಶುಲ್ಕದ ಮೇಲೆ ಬಡ್ಡಿ ಹಾಕಿದ್ದು ನಿರ್ದೇಶನಕ್ಕೆ ವಿರುದ್ಧ. ಕಾರ್ಡೇ ತನ್ನದಲ್ಲ ಎಂದು ಶುರುಮಾಡಿದವರು ಪಾಟಿ ಸವಾಲಿನಲ್ಲಿ ಮೊದಲ ಐದು ನಿಮಿಷಕ್ಕೇ ಬೀಳುತ್ತಾರೆ.

ಹೀಗೆ ಒಪ್ಪುವುದರಲ್ಲೂ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಒಪ್ಪಿದ ಮೊತ್ತಕ್ಕೆ ಆದೇಶ 12 ನಿಯಮ 6ರ ಕೆಳಗೆ ಬ್ಯಾಂಕ್ ತಕ್ಷಣ ಡಿಕ್ರಿ ಕೇಳಬಹುದು. ಲಿಮಿಟೇಶನ್ ವಾದವನ್ನೂ ಇಟ್ಟುಕೊಂಡೇ ಒಪ್ಪುವುದಾದರೆ ಪದ ತೂಗಿ ಬರೆಯಬೇಕು. ಖರ್ಚು ಮಾಡಿದ್ದನ್ನು ಒಪ್ಪಿ, ಅದು ಇಂದಿಗೂ ಕಾನೂನಿನಂತೆ ವಸೂಲಿಗೆ ಅರ್ಹವೇ ಎಂಬುದನ್ನು ತಕರಾರಿನಲ್ಲಿ ಇಡಬೇಕು. ಇದಕ್ಕೆ ವಕೀಲರೇ ಬೇಕು, ಸ್ವಂತ ಬರೆಯುವ ಕೆಲಸವಲ್ಲ. ಹಣದ ಅಡಚಣೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ.

ಬ್ಯಾಂಕಿನ ಸಾಕ್ಷ್ಯ ಸಾಮಾನ್ಯವಾಗಿ ಒಂದು ಸ್ಟೇಟ್‌ಮೆಂಟ್ ಕಟ್ಟು ಮತ್ತು ಅಧಿಕಾರ ಪತ್ರ ಹಿಡಿದು ಬಂದ ಒಬ್ಬ ಅಧಿಕಾರಿ. ಆ ದಾಖಲೆಗಳಿಗೆ ಕೋರ್ಟಿನಲ್ಲಿ ನಿಪಿ 1, ನಿಪಿ 2 ಎಂದು ಗುರುತು ಹಾಕಿಸುವ ಹೊತ್ತಿಗೇ ಆಕ್ಷೇಪಿಸಲು ಎದ್ದು ನಿಲ್ಲಬೇಕು. ಕಂಪ್ಯೂಟರ್ ಪ್ರಿಂಟಿಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟಿನ 2ಎ ಪ್ರಮಾಣಪತ್ರ ಇದೆಯೇ? ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎರಡೂ ಭಾಗ ತುಂಬಿ, ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲವೆಂದು ತೋರಿಸುವ ಸಂಕೇತ) ಸಮೇತ ಇದೆಯೇ? ಆಗ ಸುಮ್ಮನಿದ್ದು ಮೇಲ್ಮನವಿಯಲ್ಲಿ ಎತ್ತಿದರೆ ತಡವಾಯಿತು ಎನ್ನುತ್ತಾರೆ. ಪ್ರಮಾಣಪತ್ರ ಸರಿ ಇದ್ದರೂ, ಲೆಕ್ಕದ ಪುಸ್ತಕದ ನಮೂದು ಒಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು ಅದೇ ಅಧಿನಿಯಮದ 28ನೇ ಕಲಂ ಹೇಳುತ್ತದೆ. ಕಾರ್ಡ್ ಅರ್ಜಿ, ಬಡ್ಡಿ ದರ ಒಪ್ಪಿದ ಷರತ್ತಿನ ಪ್ರತಿ, ದೂರಿನ ತನಿಖೆಯ ಕಡತ ಇವನ್ನು ಹಾಜರುಪಡಿಸಲು ಆದೇಶ 11ರ ಕೆಳಗೆ ಅರ್ಜಿ ಹಾಕಿ. ಷರತ್ತಿನ ಪ್ರತಿಯೇ ಬರದಿದ್ದರೆ 42% ಒಪ್ಪಿದ ದರ ಎಂಬ ಮಾತೂ ಸಡಿಲವಾಗುತ್ತದೆ.

ದಾವೆ ಹಾಕಿದವರು ಬ್ಯಾಂಕಲ್ಲದೆ ಸಾಲ ಕೊಂಡ ಆಸ್ತಿ ಪುನರ್ರಚನಾ ಕಂಪನಿ ಆಗಿದ್ದರೆ, ವರ್ಗಾವಣೆ ಪತ್ರದ ಅನುಸೂಚಿಯಲ್ಲಿ ನಿಮ್ಮ ಖಾತೆಯ ಸಂಖ್ಯೆ ಇದೆಯೇ ನೋಡಿ. ಕೋರ್ಟಿನ ಬದಲು ಮಧ್ಯಸ್ಥಗಾರರ ನೋಟಿಸ್ ಬಂದಿದ್ದರೆ ಕೂಡಲೇ ಲಿಖಿತ ಆಕ್ಷೇಪ ಕಳಿಸಿ. ಏಕೈಕ ಮಧ್ಯಸ್ಥಗಾರರನ್ನು ಒಂದೇ ಕಡೆಯವರು ನೇಮಿಸುವುದು ಸಲ್ಲದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ, ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಅದನ್ನು ಗಟ್ಟಿಗೊಳಿಸಿದೆ. ಸುಮ್ಮನಿದ್ದರೆ ಬರುವ ಐತೀರ್ಪು (ಮಧ್ಯಸ್ಥಗಾರರ ತೀರ್ಪು) ಡಿಕ್ರಿಯಂತೆಯೇ ಜಾರಿಯಾಗುತ್ತದೆ.

ಅಮಲ್ಜಾರಿ_ಗುಮಾಸ್ತ:

ಸೋತರೆ ಏನು ಹೋಗುತ್ತದೆ ಎಂಬುದಕ್ಕೆ. ಡಿಕ್ರಿಗೆ 12 ವರ್ಷ ಆಯುಸ್ಸು, ಅಷ್ಟರಲ್ಲಿ ಯಾವಾಗ ಬೇಕಾದರೂ ಅಮಲ್ಜಾರಿ (ಡಿಕ್ರಿಯ ಹಣ ವಸೂಲಿ ಮಾಡಿಸುವ ಅರ್ಜಿ) ಹಾಕಬಹುದು. ಸಂಬಳ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಲೆಕ್ಕ ಹೀಗಿದೆ: ಮೊದಲ 1,000 ಮುಟ್ಟುವಂತಿಲ್ಲ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 46,000ದಲ್ಲಿ 1,000 ಬಿಟ್ಟರೆ 45,000, ಅದರ ಮೂರನೇ ಎರಡು 30,000. ಹೀಗೆ 31,000 ಮನೆಗೆ ಉಳಿಯುತ್ತದೆ, ತಿಂಗಳಿಗೆ 15,000ದವರೆಗೆ ಜಪ್ತಿಯಾಗಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತವಾದ ಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಮುಟ್ಟುವಂತಿಲ್ಲ. ಭವಿಷ್ಯ ನಿಧಿ, ಅಡುಗೆ ಪಾತ್ರೆ, ಉಡುವ ಬಟ್ಟೆ, ಕುಶಲಕರ್ಮಿಯ ಸಲಕರಣೆ ಜಪ್ತಿಯಿಂದ ಹೊರಗೆ.

ಆದರೆ ಸಂಬಳ ಖಾತೆಗೆ ಬಿದ್ದ ಮೇಲೆ ಆ ಖಾತೆಯ ಮೇಲೇ ಗಾರ್ನಿಷಿ ಆದೇಶ (ಖಾತೆಯಲ್ಲಿರುವ ಹಣವನ್ನು ಡಿಕ್ರಿಗೆ ಕಟ್ಟಿಸುವ ಆದೇಶ) ತರಬಹುದು. ಅದಕ್ಕಿಂತ ಮೊದಲಿನ ತೊಂದರೆ ಇನ್ನೊಂದು: ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ಸಂಬಳದ ಖಾತೆ ಇದ್ದರೆ, ಬ್ಯಾಂಕ್ ಡಿಕ್ರಿಗೆ ಕಾಯದೆ ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಮಂಡಿಸುತ್ತದೆ. ಬಾಡಿಗೆ, ಶಾಲೆಯ ಫೀಸು ಎಲ್ಲ ಒಂದೇ ದಿನ ನಿಂತುಹೋಗುತ್ತದೆ. ಸಂಬಳ ಬೇರೆ ಬ್ಯಾಂಕಿಗೆ ಬೀಳುವಂತೆ ಮಾಡಿಕೊಳ್ಳಿ.

ಜೈಲಿನ ಹೆದರಿಕೆ ಬೇಡ. ಕಾರ್ಡ್ ಬಾಕಿ ಸಿವಿಲ್ ವಿಷಯ. ಕಟ್ಟುವ ಶಕ್ತಿ ಇದ್ದೂ ದುರುದ್ದೇಶದಿಂದ ಕಟ್ಟದವರಿಗೆ ಮಾತ್ರ ಸಿವಿಲ್ ಬಂಧನ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಮಾತ್ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಮೊಕದ್ದಮೆ, ಖಾತೆಯಿಂದ ತಾನಾಗಿ ಕಡಿತವಾಗುವ ಮ್ಯಾಂಡೇಟ್ ಹಣವಿಲ್ಲದೆ ಮರಳಿದರೂ ಅಂಥದ್ದೇ ಕಲಂ ಇದೆ. ರಾಜಿಯ ಹೆಸರಲ್ಲಿ ಮುಂದಿನ ತಾರೀಖಿನ ಚೆಕ್ ಕೇಳಿದರೆ ಕೊಡಬೇಡಿ. ಸಿವಿಲ್ ಬಾಕಿಯನ್ನು ನಾವೇ ಕ್ರಿಮಿನಲ್ ಮಾಡಿಕೊಂಡಂತೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಸಿಎನ್‌ಆರ್ ಹಾಕಿ ನೋಡಿದೆವು, ದಾವೆ ಅಸಲಿ. ಆದೇಶ 37 ಅಲ್ಲ, ಸಾಮಾನ್ಯ ಸಮನ್ಸ್. ತಲುಪಿ 9 ದಿನವಾಯಿತು. ಕಾರ್ಡ್ ಪೂರ್ತಿ ಸ್ವಂತ ಖರ್ಚಿನದು, ವ್ಯಾಪಾರದ್ದಲ್ಲ. ಹಾಗಾದರೆ 1,10,000ಕ್ಕೆ ಒಪ್ಪುವುದೇ, ಬೇಡವೇ?

ವಕಾಲತ್ತು_ಶಿವಮೊಗ್ಗ:

ಅಂಕಿ ಹಾಕಿಯೇ ನೋಡೋಣ. 38,400ರ ವಾದ ಪೂರ್ತಿ ಗೆದ್ದಿರಿ ಎಂದುಕೊಳ್ಳಿ. ಉಳಿಯುವುದು ಹೆಚ್ಚೆಂದರೆ 57,600. ಅದರ ಮೇಲೆ 2022ರ ಜೂನ್‌ನಿಂದ ದಾವೆಯ ದಿನದವರೆಗೆ 42% ಸರಳ ಬಡ್ಡಿ ಹಾಕಿದರೂ ಸುಮಾರು 82,000, ಒಟ್ಟು 1,39,600. ಷರತ್ತಿನ ಪ್ರತಿ ರುಜುವಾತಾಗದೆ ಕೋರ್ಟು 18% ಮಾತ್ರ ಕೊಟ್ಟರೆ ಒಟ್ಟು ಸುಮಾರು 92,700. ಪೂರ್ತಿ ಸೋತರೆ 2,46,300, ದಾವೆ ಮೂರು ವರ್ಷ ಎಳೆದು ಕೇಳಿದ 18% ಕೊಟ್ಟರೆ ಇನ್ನೂ 1,33,000, ಮೇಲೆ ಕೋರ್ಟ್ ಶುಲ್ಕ, ಖರ್ಚು. ಸ್ವಂತ ಖರ್ಚಿನ ಕಾರ್ಡ್ ಆದ್ದರಿಂದ ಡಿಕ್ರಿಯ ನಂತರದ ಬಡ್ಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಂ ಪ್ರಕಾರ 6% ಮೀರದು, ಅದೊಂದು ನೆಮ್ಮದಿ. ಲಿಮಿಟೇಶನ್ ಮೇಲೆ ಗೆದ್ದರೆ ಸೊನ್ನೆ, ಆದರೆ ಆ ಇಮೇಲ್ ಇರುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂದರೆ 1,10,000 ಕೆಟ್ಟ ಮಾತಲ್ಲ. ಫೋನಿನಲ್ಲಿ ಒಪ್ಪುವುದು ಕೆಟ್ಟದ್ದು. ಮೊದಲು ವಕಾಲತ್ತು ಹಾಕಿಸಿ, 30 ದಿನದೊಳಗೆ ಬಿಡಿಬಿಡಿಯಾದ ಲಿಖಿತ ಹೇಳಿಕೆಯನ್ನೂ ಲೆಕ್ಕದ ಹಾಳೆಯನ್ನೂ ಸಲ್ಲಿಸಿ. ಅವು ಕಡತದಲ್ಲಿ ಕೂತ ಮೇಲೆ ಬ್ಯಾಂಕಿನ ವಕೀಲರ ಜತೆ 80,000, 90,000ದ ಮಾತು ಶುರುಮಾಡಿ. ಲೋಕ ಅದಾಲತ್ತಿನಲ್ಲಿ ಮುಗಿದರೆ ಬ್ಯಾಂಕಿಗೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಹಾಗಾಗಿ ಅವರಿಗೂ ಆಸಕ್ತಿ ಇರುತ್ತದೆ. ಇಳಿಯದಿದ್ದರೆ ಆದೇಶ 24ರ ಕೆಳಗೆ ನೀವು ನ್ಯಾಯವೆಂದು ಒಪ್ಪುವ ಮೊತ್ತವನ್ನು ಕೋರ್ಟಿನಲ್ಲಿ ಠೇವಣಿ ಇಡಬಹುದು. ನೋಟಿಸ್ ತಲುಪಿದ ದಿನದಿಂದ ಆ ಭಾಗಕ್ಕೆ ಬಡ್ಡಿ ನಿಲ್ಲುತ್ತದೆ. ಕೊನೆಗೆ ಅಷ್ಟೇ ಸರಿ ಎಂದು ತೀರ್ಪಾದರೆ ಆನಂತರದ ಖರ್ಚು ಬ್ಯಾಂಕಿನ ಮೇಲೆ. ಕೈಯಲ್ಲಿ ಒಟ್ಟಿಗೆ ಹಣವಿಲ್ಲದಿದ್ದರೆ ಡಿಕ್ರಿಯ ಹೊತ್ತಿಗೇ ಆದೇಶ 20 ನಿಯಮ 11ರ ಕಂತು ಕೇಳಿ. ಡಿಕ್ರಿ ಆದಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಕಂತು ಸಿಗುವುದಿಲ್ಲ.

ರಾಜಿ ಪತ್ರವನ್ನು ಸಹಿಗೆ ಮುಂಚೆ ಕೂತು ಓದಿ. ಲೋಕ ಅದಾಲತ್ತಿನ ಐತೀರ್ಪಿಗೆ ಮೇಲ್ಮನವಿ ಇಲ್ಲ. 'ಒಂದು ಕಂತು ತಪ್ಪಿದರೆ ಪೂರ್ತಿ ದಾವಾ ಮೊತ್ತ' ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಅದನ್ನು 'ಎರಡು ಕಂತು ತಪ್ಪಿ, 15 ದಿನದ ಲಿಖಿತ ನೋಟಿಸ್ ಕೊಟ್ಟ ಮೇಲೂ ಕಟ್ಟದಿದ್ದರೆ' ಎಂದು ತಿದ್ದಿಸಿ. ಹಣ ಬ್ಯಾಂಕಿನ ಖಾತೆಗೇ ಹೋಗಲಿ, ಏಜೆಂಟರ ಯುಪಿಐಗೆ ಬೇಡ.

ಲೆಕ್ಕದಪುಸ್ತಕ:

ಸಿಬಿಲ್ (ಸಾಲದ ಇತಿಹಾಸದ ವರದಿ) ವಿಷಯವನ್ನೂ ಅದೇ ಪತ್ರದಲ್ಲಿ ಬರೆಸಿ. ಕಡಿಮೆಗೆ ಮುಗಿಸಿದರೆ ಬ್ಯಾಂಕ್ 'ಸೆಟಲ್ಡ್' ಎಂದು ಕಳಿಸುತ್ತದೆ, ಮುಂದೆ ಗೃಹಸಾಲಕ್ಕೆ ಅದು ಅಡ್ಡ ಬರುತ್ತದೆ. ಆದರೆ ನಿಮ್ಮ ಪ್ರಕರಣದಲ್ಲಿ 38,400 ವಿವಾದದ ಮೊತ್ತ. 'ವಿವಾದಿತ ನಮೂದನ್ನು ಬ್ಯಾಂಕ್ ಹಿಂದಕ್ಕೆ ಪಡೆದಿದೆ, ಉಳಿದ ಬಾಕಿ ಪೂರ್ತಿ ಸಂದಾಯವಾಗಿದೆ, ಖಾತೆ ಕ್ಲೋಸ್ಡ್' ಎಂಬ ಪದಗಳಿಗೆ ಪಟ್ಟು ಹಿಡಿಯಿರಿ. ಇದಕ್ಕಾಗಿ ಐದು ಸಾವಿರ ಹೆಚ್ಚು ಕೊಡಬೇಕಾದರೂ ಕೊಡಿ. ಹಣ ಕಟ್ಟಿ 45 ದಿನವಾದ ಮೇಲೆ ವರದಿ ತೆಗೆದು ನೋಡಿ. ತಪ್ಪಿದ್ದರೆ ದೂರು ಹಾಕಿ, 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ. ಬಾಕಿಯಿಲ್ಲ ಪತ್ರ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ದಾವೆಯ ಸಂಖ್ಯೆ ಸಮೇತ ಇರಲಿ. ಅದೇ ಬಾಕಿಯನ್ನು ಮುಂದೆ ಬೇರೆ ಕಂಪನಿಗೆ ಮಾರಿ ಅವರು ಫೋನ್ ಮಾಡಿದರೆ ತೋರಿಸಲು ಅದೊಂದೇ ಕಾಗದ.